ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಹೆಡ್‌ಫೋನ್ ಎಲ್ಲಿ ಚುಚ್ಚಿದ್ದೀರಿ ನೋಡಿ

ಪ್ರಶ್ನೆ: ನಾನು ಗದಗ ಜಿಲ್ಲೆಯಲ್ಲಿ ಹೈಸ್ಕೂಲು ಶಿಕ್ಷಕಿ. ವಚನ, ಭಾವಗೀತೆಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಹಾರ್ಮೋನಿಯಂ ನಾನೇ ನುಡಿಸುತ್ತೇನೆ, ತಬಲಾಕ್ಕೆ ತಮ್ಮ ಬರುತ್ತಾನೆ. ಅವನು ಸಿಗದಿದ್ದಾಗ ಸಾಫ್ಟ್‌ವೇರ್ ತಬಲಾ. ಲ್ಯಾಪ್‌ಟಾಪ್ ಐದಾರು ವರ್ಷ ಹಳೆಯದು: ಇಂಟೆಲ್ ಐ5-10210ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 11. ಮೈಕು ಯುಎಸ್‌ಬಿಯದು, ಹೆಡ್‌ಫೋನ್ ಲ್ಯಾಪ್‌ಟಾಪ್‌ಗೇ ಚುಚ್ಚುತ್ತೇನೆ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಎಎಸ್‌ಐಒ4ಆಲ್ ಎಂಬ ಡ್ರೈವರ್ (ಶಬ್ದದ ಸಾಧನವನ್ನು ನಡೆಸುವ ತಂತ್ರಾಂಶ) ಹಾಕಿಕೊಂಡು ಬಫರ್ 512ಕ್ಕೆ ಇಟ್ಟಿದ್ದೇನೆ. ಹಾಡುವಾಗ ನನ್ನ ದನಿ ಕಿವಿಗೆ ತಡವಾಗಿ ಬರುತ್ತದೆ. ತಂಬೂರಿ, ತಬಲಾ, ರಿವರ್ಬ್ (ಅನುರಣನ) ಎಲ್ಲ ಒಟ್ಟಿಗೆ ಇದ್ದರೆ ಚಟಪಟ ಸದ್ದು. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು 40 ಕೂಡ ದಾಟಿರುವುದಿಲ್ಲ. ಫ್ಯಾನಿನ ಸದ್ದೂ ರೆಕಾರ್ಡ್ ಆಗುತ್ತದೆ. ಹಾಡಿದ ಟ್ರ್ಯಾಕ್ ತಾಳಕ್ಕಿಂತ ಸ್ವಲ್ಪ ಹಿಂದೆ ಕೂರುತ್ತದೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅನ್ನುತ್ತಾರೆ, ಸಹೋದ್ಯೋಗಿಯೊಬ್ಬರು ಮ್ಯಾಕ್ ಬಿಟ್ಟು ಬೇರೆ ನೋಡಲೇಬೇಡಿ ಅನ್ನುತ್ತಾರೆ. ಎಲ್ಲ ಸೇರಿ 80 ಸಾವಿರ ಹೊಂದಿಸಬಲ್ಲೆ. ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪ್‌ಗೆ ಶಕ್ತಿ ಸಾಲದೆ ಇದೆಲ್ಲ ಆಗುತ್ತಿದೆ ಎಂಬುದು ನಿಮ್ಮ ಅಂದಾಜು. ನೀವು ಬರೆದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ದನಿ ತಡವಾಗುವುದಕ್ಕೂ ಪ್ರೊಸೆಸರ್‌ನ ಶಕ್ತಿಗೂ ಹೆಚ್ಚು ಸಂಬಂಧವಿಲ್ಲ. ಚಟಪಟಕ್ಕೆ ಅರ್ಧದಷ್ಟು ಸಂಬಂಧ ಇರಬಹುದು. ಫ್ಯಾನಿನದು ಮೈಕ್ ಇಟ್ಟ ಜಾಗದ ವಿಷಯ, ತಾಳದ ಹಿಂದೆ ಕೂರುವುದು ಒಂದು ಸೆಟ್ಟಿಂಗ್‌ನ ವಿಷಯ. 80 ಸಾವಿರ ಕೊಟ್ಟು ಹೊಸದನ್ನು ತಂದು ಅದೇ ಮೈಕು, ಅದೇ ಜೋಡಣೆ ಮುಂದುವರಿಸಿದರೆ ಮೊದಲನೆಯ ತೊಂದರೆ ಹಾಗೇ ಉಳಿಯುತ್ತದೆ.

ಶಬ್ದದ ಕೆಲಸಕ್ಕೆ ಒಟ್ಟು ವೇಗಕ್ಕಿಂತ ಗಡುವು ಮುಖ್ಯ. ಕಂಪ್ಯೂಟರ್ ಶಬ್ದವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಲೆಕ್ಕ ಹಾಕಿ ಹೆಡ್‌ಫೋನಿಗೆ ಕಳಿಸುತ್ತದೆ. ಆ ಕಂತಿನ ಅಳತೆಯೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ಒಂದೊಂದು ಅಳತೆ) ಇರುವಾಗ 128ರ ಬಫರ್ ಎಂದರೆ 2.67 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗಿರಲೇಬೇಕು, ಇಲ್ಲದಿದ್ದರೆ ಆ ಜಾಗ ಖಾಲಿ ಹೋಗಿ ಕಿವಿಗೆ 'ಚಟ್' ಅಂತ ಕೇಳುತ್ತದೆ. ಪಂಕ್ತಿಯಲ್ಲಿ ಬಡಿಸುವವನು ಎಷ್ಟೇ ಚುರುಕಿನವನಿರಲಿ, ಫೋನ್ ಬಂತೆಂದು ಅರೆಗಳಿಗೆ ಹೊರಗೆ ಹೋದರೆ ಎಲೆ ಖಾಲಿಯಾಗುತ್ತದೆ. ನಿಮ್ಮ ಸಿಪಿಯು 40 ದಾಟದಿದ್ದರೂ ಚಟಪಟ ಬರುವುದು ಇದಕ್ಕೇ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಕೋರ್‌ಗಳ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳ), ಇಡೀ ಸೆಕೆಂಡಿನ ಸರಾಸರಿ. ಗಡುವು ತಪ್ಪಿದ ಒಂದು ಕಂತು ಅದರಲ್ಲಿ ಕಾಣುವುದೇ ಇಲ್ಲ.

ದನಿ ತಡವಾಗುವುದು

ನಿಮ್ಮ ಮೈಕಿನೊಳಗೆ ಸ್ಯಾಂಪಲ್‌ಗಳ ಲೆಕ್ಕ ಇಡುವ ಒಂದು ಗಡಿಯಾರವಿದೆ, ಲ್ಯಾಪ್‌ಟಾಪ್‌ನ ಸೌಂಡ್ ಚಿಪ್‌ನಲ್ಲಿ ಇನ್ನೊಂದು. ಎರಡೂ 48,000 ಅಂದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ 5 ನಿಮಿಷದ ಹಾಡಿನ ಕೊನೆಗೆ 15 ಮಿಲಿಸೆಕೆಂಡ್ ಅಂತರ ಬಿದ್ದಿರುತ್ತದೆ. ಎಎಸ್‌ಐಒ4ಆಲ್ ಈ ಎರಡನ್ನೂ ಒಂದೇ ಸಾಧನ ಎಂಬಂತೆ ತೋರಿಸುತ್ತದೆಯೇ ಹೊರತು ಗಡಿಯಾರಗಳನ್ನು ಒಂದು ಮಾಡಲಾರದು. ಅಂತರ ಬೆಳೆದಂತೆ ನಡುನಡುವೆ ಸ್ಯಾಂಪಲ್‌ಗಳು ಬಿದ್ದುಹೋಗುತ್ತವೆ. ಹಾಡಿನ ಮೊದಲ ನಿಮಿಷ ಚೆನ್ನಾಗಿದ್ದು ಆಮೇಲೆ ಆಗೊಮ್ಮೆ ಈಗೊಮ್ಮೆ 'ಟಿಕ್' ಎನ್ನುತ್ತಿದ್ದರೆ ಅದು ಇದೇ.

ಇನ್ನು ದನಿ ತಡವಾಗಲು ಕಾರಣ 512ರ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್‌ನಲ್ಲಿ ಅದು 11.6 ಮಿಲಿಸೆಕೆಂಡ್. ದನಿ ಒಳಗೆ ಹೋಗಲು ಒಂದು ಕಂತು, ಹೊರಗೆ ಬರಲು ಒಂದು ಕಂತು, ಒಟ್ಟು 23. ಅದರ ಮೇಲೆ ಡ್ರೈವರ್ ತನಗಾಗಿ ಇಟ್ಟುಕೊಳ್ಳುವ ಬಫರ್ ಬೇರೆ. ಲಯಕ್ಕೆ ಇದು ಎಷ್ಟು ದೊಡ್ಡದು ನೋಡಿ. ನಿಮಿಷಕ್ಕೆ 240 ಮಾತ್ರೆಯ ದ್ರುತದಲ್ಲಿ ಒಂದು ಮಾತ್ರೆಗೆ 250 ಮಿಲಿಸೆಕೆಂಡ್, ಅದರಲ್ಲಿ ನಾಲ್ಕು ಬೋಲ್ ಬಂದರೆ ಒಂದೊಂದಕ್ಕೆ 62.5. ಮೂವತ್ತು ಮಿಲಿಸೆಕೆಂಡ್ ತಡ ಎಂದರೆ ಸರಿಸುಮಾರು ಅರ್ಧ ಬೋಲ್. ಹಾಡುವವರಿಗೆ ತೊಂದರೆ ಇನ್ನೂ ಬೇಗ ಶುರು. ತಲೆಬುರುಡೆಯ ಮೂಲಕ ದನಿ ಕೂಡಲೇ ಕೇಳಿರುತ್ತದೆ, ಹೆಡ್‌ಫೋನಿನದು ಹಿಂದಿನಿಂದ ಬಂದು ಸೇರಿ ದನಿ ಟೊಳ್ಳಾಗುತ್ತದೆ. ಹತ್ತು ಮಿಲಿಸೆಕೆಂಡ್‌ಗೇ ಅನೇಕರಿಗೆ ಶ್ರುತಿ ಹಿಡಿಯುವುದು ಕಷ್ಟ.

ಖರ್ಚಿಲ್ಲದ ಪರಿಹಾರ ನಿಮ್ಮ ಕೈಯಲ್ಲೇ ಇರಬಹುದು. ಮೈಕಿನ ಕೆಳಗೋ ಹಿಂದೋ 3.5 ಎಂಎಂ ಹೆಡ್‌ಫೋನ್ ಕಿಂಡಿ ಇದೆಯೇ ನೋಡಿ, ಬಹಳಷ್ಟು ಯುಎಸ್‌ಬಿ ಮೈಕುಗಳಲ್ಲಿ ಇರುತ್ತದೆ. ಇದ್ದರೆ ಹೆಡ್‌ಫೋನನ್ನು ಲ್ಯಾಪ್‌ಟಾಪ್‌ನಿಂದ ಕಿತ್ತು ಅಲ್ಲಿ ಚುಚ್ಚಿ. ಎಎಸ್‌ಐಒ4ಆಲ್ ಕಿಟಕಿಯಲ್ಲಿ ಸ್ಪ್ಯಾನರ್ ಚಿಹ್ನೆ ಒತ್ತಿ, ಲ್ಯಾಪ್‌ಟಾಪ್‌ನ ರಿಯಲ್‌ಟೆಕ್ ಸಾಲುಗಳನ್ನೆಲ್ಲ ಆರಿಸಿ, ಮೈಕಿನ ಇನ್‌ಪುಟ್ ಮತ್ತು ಔಟ್‌ಪುಟ್ ಮಾತ್ರ ಉಳಿಸಿ. ಈಗ ಗಡಿಯಾರ ಒಂದೇ. ಇಂಥ ಕಿಂಡಿ ಇರುವ ಹೆಚ್ಚಿನ ಮೈಕುಗಳು ನಿಮ್ಮ ದನಿಯನ್ನು ಕಂಪ್ಯೂಟರಿಗೆ ಹೋಗುವ ಮೊದಲೇ ಹೆಡ್‌ಫೋನಿಗೂ ಕೊಡುತ್ತವೆ. ಹಾಗಾಗಿ ರೀಪರ್‌ನ ಟ್ರ್ಯಾಕಿನಲ್ಲಿರುವ ರೆಕಾರ್ಡ್ ಮಾನಿಟರ್ ಗುಂಡಿ ಆರಿಸಿಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ.

'ರಿವರ್ಬ್ ಇಲ್ಲದೆ ಹಾಡಲು ಮನಸ್ಸೇ ಬರುವುದಿಲ್ಲ' ಅನ್ನುವವರು ಬಹಳ. ಅದಕ್ಕೂ ದಾರಿಯಿದೆ: ಮಾನಿಟರ್ ಗುಂಡಿ ಹಾಕಿ, ಟ್ರ್ಯಾಕಿಗೆ ರೀವರ್ಬೇಟ್ ಸೇರಿಸಿ, ಅದರ 'ಡ್ರೈ' ಪಟ್ಟಿಯನ್ನು ಪೂರ್ತಿ ಕೆಳಗಿಳಿಸಿ, 'ವೆಟ್' ಮಾತ್ರ ಬೇಕಾದಷ್ಟು ಏರಿಸಿ. ನೇರ ದನಿ ಮೈಕಿನಿಂದ ತಡವಿಲ್ಲದೆ ಬರುತ್ತದೆ, ಅನುರಣನ ಮಾತ್ರ ಕಂಪ್ಯೂಟರಿನಿಂದ ಬರುತ್ತದೆ. ಅನುರಣನ 20 ಮಿಲಿಸೆಕೆಂಡ್ ತಡವಾದರೆ ಯಾರಿಗೂ ತಿಳಿಯುವುದಿಲ್ಲ, ದೊಡ್ಡ ಕೋಣೆಯಲ್ಲಿ ಅದು ಹಾಗೇ ಬರುವುದು.

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಹಾಡುವಾಗ ಬೇಡವೇ ಬೇಡ. ಅದರ ತಡ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ, ಎಷ್ಟು ಬೆಲೆಯದಾದರೂ ಸರಿ.

ಚಟಪಟ: ಮೊದಲು ಅಳೆಯಿರಿ

ರೀಪರ್‌ನ 'ವ್ಯೂ' ಮೆನುವಿನಲ್ಲಿ 'ಪರ್ಫಾರ್ಮೆನ್ಸ್ ಮೀಟರ್' ತೆರೆಯಿರಿ. ಅದರಲ್ಲಿ 'ಆರ್‌ಟಿ ಲಾಂಗೆಸ್ಟ್ ಬ್ಲಾಕ್' ಎಂಬ ಸಾಲು ಇರುತ್ತದೆ, ಉದಾಹರಣೆಗೆ 4.1/5.33 ಎಂ.ಎಸ್. ಎಂದು. ಎರಡನೆಯ ಸಂಖ್ಯೆ ಗಡುವು, ಮೊದಲನೆಯದು ಅತಿ ನಿಧಾನವಾದ ಕಂತಿಗೆ ಹಿಡಿದ ಸಮಯ. ಮೊದಲನೆಯದು ಎರಡನೆಯದನ್ನು ಮುಟ್ಟುತ್ತಿದ್ದರೆ ನಿಮ್ಮ ಪ್ಲಗಿನ್‌ಗಳು (ರೀಪರ್‌ಗೆ ಸೇರಿಸುವ ರಿವರ್ಬ್, ತಬಲಾದಂಥ ಕಿರು ತಂತ್ರಾಂಶಗಳು) ಭಾರ, ಅಂದರೆ ತೊಂದರೆ ರೀಪರ್‌ನ ಒಳಗಿದೆ. ಅದು ಆರಾಮಾಗಿ ಕೆಳಗಿದ್ದೂ ಚಟಪಟ ಬರುತ್ತಿದ್ದರೆ ವಿಂಡೋಸ್‌ನೊಳಗಿನ ಯಾವುದೋ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ.

ಆ ಡ್ರೈವರನ್ನು ಹುಡುಕಲು ಲೇಟೆನ್ಸಿಮಾನ್ ಎಂಬ ಸಣ್ಣ ತಂತ್ರಾಂಶವಿದೆ, ಮನೆಬಳಕೆಗೆ ಉಚಿತ. ಚಾರ್ಜರ್ ಹಾಕಿ, ಬೇರೆಲ್ಲ ಮುಚ್ಚಿ, ಹದಿನೈದು ನಿಮಿಷ ಓಡಲು ಬಿಡಿ. 'ಡ್ರೈವರ್ಸ್' ಹಾಳೆಯಲ್ಲಿ ಅತಿ ಹೆಚ್ಚು ಸಮಯ ತಿಂದವರು ಮೇಲೆ ಬರುವಂತೆ ಸಾಲು ಹಚ್ಚಿ. ಯಾವುದಾದರೂ ಒಂದು ಮತ್ತೆ ಮತ್ತೆ 1000 ಮೈಕ್ರೋಸೆಕೆಂಡ್ ದಾಟುತ್ತಿದ್ದರೆ ಅದರ ಮೇಲೆ ಕಣ್ಣಿಡಿ. 128ರ ಬಫರಿನ ಗಡುವು 2667 ಮೈಕ್ರೋಸೆಕೆಂಡ್ ಎಂಬುದು ನೆನಪಿರಲಿ. ಎನ್‌ಡಿಐಎಸ್ ಎಂದಿದ್ದರೆ ಅದು ನೆಟ್‌ವರ್ಕ್, ಸಾಮಾನ್ಯವಾಗಿ ವೈಫೈ. ವೈಫೈ ಆರಿಸಿ ಮತ್ತೆ ಅಳೆಯಿರಿ. ಎನ್‌ವಿಎಲ್‌ಡಿಡಿಎಂಕೆಎಂ ಎಂದಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್. ಎಸಿಪಿಐ ಎಂದಿದ್ದರೆ ವಿದ್ಯುತ್ ನಿರ್ವಹಣೆ, ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚು. ಬಯೋಸ್ (ಯಂತ್ರ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ಅಪ್‌ಡೇಟ್‌ನಿಂದ ಸರಿಹೋಗದಿದ್ದರೆ ಡಿವೈಸ್ ಮ್ಯಾನೇಜರ್‌ನ 'ಬ್ಯಾಟರೀಸ್' ಅಡಿಯಲ್ಲಿರುವ 'ಕಂಟ್ರೋಲ್ ಮೆಥಡ್ ಬ್ಯಾಟರಿ'ಯನ್ನು ರೆಕಾರ್ಡಿಂಗ್ ಹೊತ್ತಿಗಷ್ಟೇ ಡಿಸೇಬಲ್ ಮಾಡಿ ನೋಡಬಹುದು. ಅಪಾಯವೂ ಗೊತ್ತಿರಲಿ: ಬ್ಯಾಟರಿ ಎಷ್ಟಿದೆ ಎಂಬುದು ಆಗ ಕಾಣುವುದಿಲ್ಲ, ಕರೆಂಟ್ ಹೋಗಿದ್ದು ಗಮನಿಸದಿದ್ದರೆ ಯಂತ್ರ ಎಚ್ಚರಿಕೆ ಕೊಡದೆ ಆರಿಹೋಗುತ್ತದೆ.

ಅದೇ ತಂತ್ರಾಂಶದಲ್ಲಿ 'ಹಾರ್ಡ್ ಪೇಜ್‌ಫಾಲ್ಟ್ಸ್' ಎಂಬ ಲೆಕ್ಕವೂ ಬರುತ್ತದೆ, ರ‍್ಯಾಮ್‌ನಲ್ಲಿ ಸಿಗದ್ದನ್ನು ಡಿಸ್ಕಿನಿಂದ ಎಷ್ಟು ಸಲ ತರಬೇಕಾಯಿತು ಎಂಬುದು. ನಿಮ್ಮದರಲ್ಲಿ ಅದು ಸಾವಿರಗಟ್ಟಲೆ ತೋರಿಸಿದರೆ ಆಶ್ಚರ್ಯವಿಲ್ಲ. 8 ಜಿಬಿಯಲ್ಲಿ ವಿಂಡೋಸ್ 11, ಬ್ರೌಸರ್, ತಬಲಾದ ಸ್ಯಾಂಪಲ್‌ಗಳು (ಇಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ನಾದದ ತುಣುಕುಗಳು) ಹಿಡಿಸದೆ ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕಿಗೆ ತಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ತುಣುಕು ಹುಡುಕಿ ತರಲು ಹತ್ತಾರು ಮಿಲಿಸೆಕೆಂಡ್ ಹಿಡಿಯಬಹುದು. 128ರ ಬಫರಿನ ಗಡುವೋ ಬರೀ 2.67! ನಿಮ್ಮ ಯಂತ್ರದ ನಿಜವಾದ ರೋಗ ಈ ಹಾರ್ಡ್ ಡಿಸ್ಕ್ ಮತ್ತು ಕಮ್ಮಿ ರ‍್ಯಾಮ್, ಪ್ರೊಸೆಸರ್ ಅಲ್ಲ. ಐ5-10210ಯುನಲ್ಲಿ ನಾಲ್ಕು ಕೋರ್‌ಗಳಿವೆ, ಗರಿಷ್ಠ 4.2 ಗಿಗಾಹರ್ಟ್ಸ್. ಹತ್ತು ಹದಿನೈದು ಟ್ರ್ಯಾಕಿನ ಭಾವಗೀತೆಗೆ ಅದು ಕಮ್ಮಿಯೇನಲ್ಲ.

ಅಂಗಡಿಯವರ ಮಾತು

ಗ್ರಾಫಿಕ್ಸ್ ಕಾರ್ಡ್ ವಿಡಿಯೊ ಎಡಿಟಿಂಗ್‌ಗೆ ಬೇಕು, ಆಟಕ್ಕೆ ಬೇಕು. ಹಾಡಿನ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್‌ನಲ್ಲಿ ಕೆಲವು ಪ್ಲಗಿನ್‌ಗಳ ಚಿತ್ರ ಬಿಡಿಸುವುದಷ್ಟೇ ಅದರ ಕೆಲಸ. ಮೇಲೆ ಹೇಳಿದಂತೆ ಅದರ ಡ್ರೈವರೇ ಚಟಪಟಕ್ಕೆ ಕಾರಣವಾಗುವುದುಂಟು, ಫ್ಯಾನ್ ಸದ್ದಂತೂ ಖಂಡಿತ. ಕಾರ್ಡಿಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಆಡಿಯೊ ಇಂಟರ್‌ಫೇಸ್ (ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಮೈಕ್ ಬರುತ್ತವೆ.

'ಕೋರ್ ಹೆಚ್ಚಿದ್ದಷ್ಟೂ ಒಳ್ಳೆಯದು' ಎಂಬುದು ಅರ್ಧಸತ್ಯ. ಬೇರೆ ಬೇರೆ ಟ್ರ್ಯಾಕುಗಳು ಬೇರೆ ಬೇರೆ ಕೋರ್‌ಗಳಿಗೆ ಹಂಚಿಹೋಗುತ್ತವೆ, ನಿಜ. ಆದರೆ ಒಂದೇ ಟ್ರ್ಯಾಕಿನಲ್ಲಿ ಒಂದರ ಹಿಂದೊಂದು ಹಾಕಿದ ಪ್ಲಗಿನ್‌ಗಳು ಸರದಿಯಲ್ಲೇ ಲೆಕ್ಕವಾಗಬೇಕು. ಎಲ್ಲ ಟ್ರ್ಯಾಕುಗಳೂ ಬಂದು ಸೇರುವ ಮಾಸ್ಟರ್‌ನಲ್ಲಿ ಐದು ಭಾರದ ಪ್ಲಗಿನ್ ಇಟ್ಟರೆ 16 ಕೋರ್ ಇದ್ದರೂ ಒಂದೇ ಕೋರ್ ಬೆವರುತ್ತದೆ. ಹಾಡು ಮುಗಿಯುವ ತನಕ ಮಾಸ್ಟರ್ ಖಾಲಿ ಇಡಿ.

'192 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಗುಣಮಟ್ಟ' ಎಂಬ ಮಾತೂ ಕಿವಿಗೆ ಬಿದ್ದಿರಬಹುದು. ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಾಕು. ನೀವು ವಿಡಿಯೊಗೆ ಹಾಕುವುದರಿಂದ 48 ಕಿಲೋಹರ್ಟ್ಸ್, 24 ಬಿಟ್. ಈ ಲೆಕ್ಕದಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, 5 ನಿಮಿಷದ ಹತ್ತು ಟ್ರ್ಯಾಕಿನ ಹಾಡಿಗೆ 432 ಎಂಬಿ. 24 ಬಿಟ್ ಇರುವುದರಿಂದ ಮೀಟರನ್ನು ಕೆಂಪಿಗೆ ಮುಟ್ಟಿಸುವ ಅಗತ್ಯವಿಲ್ಲ, ಜೋರಾದ ಸಾಲು -12 ಡೆಸಿಬಲ್ ಸುತ್ತ ಇದ್ದರೆ ಸಾಕು.

ಯುಎಸ್‌ಬಿ ಸಿ, ಥಂಡರ್‌ಬೋಲ್ಟ್ ಇದ್ದರೆ ತಡ ಕಮ್ಮಿ ಎಂಬುದೂ ನಿಮ್ಮ ಮಟ್ಟದ ಕೆಲಸಕ್ಕೆ ಅನ್ವಯಿಸದು. 24 ಬಿಟ್, 48 ಕಿಲೋಹರ್ಟ್ಸ್‌ನ ಎರಡು ಚಾನೆಲ್‌ಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 2.3 ಮೆಗಾಬಿಟ್, ಹಳೆಯ ಯುಎಸ್‌ಬಿ 2.0ರ ಸಾಮರ್ಥ್ಯವೇ 480. ತಡವನ್ನು ನಿರ್ಧರಿಸುವುದು ಇಂಟರ್‌ಫೇಸ್ ಕಂಪನಿ ಬರೆದ ಡ್ರೈವರ್.

ದುಡ್ಡು ಎಲ್ಲಿ ಹಾಕುವುದು

ನನ್ನ ಮೊದಲ ಆಯ್ಕೆ: ಹಳೆಯ ಲ್ಯಾಪ್‌ಟಾಪನ್ನೇ ಎದ್ದು ನಿಲ್ಲಿಸಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿಸಿ. ಒಳಗೆ ಎಂ.2 ಕಿಂಡಿ ಇದ್ದರೆ ಎನ್‌ವಿಎಂಇ, ಇಲ್ಲದಿದ್ದರೆ 2.5 ಇಂಚಿನ ಸಾಟಾ. ಹಾಡಿನ ಕೆಲಸಕ್ಕೆ ಎರಡರ ನಡುವಿನ ವ್ಯತ್ಯಾಸಕ್ಕಿಂತ ಹಾರ್ಡ್ ಡಿಸ್ಕಿಗೂ ಯಾವುದೇ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸ ಎಷ್ಟೋ ದೊಡ್ಡದು. ರ‍್ಯಾಮ್ 16ಕ್ಕೆ ಏರಿಸಲು ಜಾಗ ಇದೆಯೇ ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್', ಅದರಲ್ಲಿ 'ಮೆಮೊರಿ' ತೆರೆಯಿರಿ. 'ಸ್ಲಾಟ್ಸ್ ಯೂಸ್ಡ್ 1 ಆಫ್ 2' ಎಂದಿದ್ದರೆ ಕೆಲಸ ಸುಲಭ. 'ಫಾರ್ಮ್ ಫ್ಯಾಕ್ಟರ್' ಎದುರು 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸೆದಿದೆ. ಅದರ ಜೊತೆಗೆ ಇನ್ನೊಂದು ಕಿಂಡಿ ಇರಲೂಬಹುದು, ಹಿಂಬದಿ ತೆಗೆಸಿ ನೋಡದೆ ರ‍್ಯಾಮ್ ಕೊಳ್ಳಬೇಡಿ. ಬಿಚ್ಚಿದಾಗಲೇ ಫ್ಯಾನಿನ ಧೂಳು ತೆಗೆಸಿ, ಹೊಸ ಥರ್ಮಲ್ ಪೇಸ್ಟ್ ಹಾಕಿಸಿ. ಐದಾರು ವರ್ಷದ ಯಂತ್ರದಲ್ಲಿ ಅರ್ಧ ಸದ್ದು ಅಲ್ಲೇ ಕಮ್ಮಿಯಾಗುತ್ತದೆ.

ಜೊತೆಗೆ ಒಂದು ಆಡಿಯೊ ಇಂಟರ್‌ಫೇಸ್ ಕೊಳ್ಳಿ, ಅಂಗಡಿಗಳಲ್ಲಿ ಸೌಂಡ್ ಕಾರ್ಡ್ ಅನ್ನುವುದೂ ಇದನ್ನೇ. ನಿಮಗೆ ಬೇಕಿರುವುದು ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್ ಇನ್‌ಪುಟ್, ಎರಡಕ್ಕೂ 48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಬೇಕಾದ ವಿದ್ಯುತ್ತು), ಮುಂದೆ ಡೈರೆಕ್ಟ್ ಮಾನಿಟರ್ ಗುಂಡಿ ಇರುವಂಥದ್ದು. 'ಸೋಲೊ' ಹೆಸರಿನ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದೇ ಮೈಕ್ ಇನ್‌ಪುಟ್ ಇರುತ್ತದೆ, ಇನ್ನೊಂದು ಗಿಟಾರಿಗೆ. ತಮ್ಮನ ತಬಲಾಕ್ಕೆ ಒಂದು, ನಿಮಗೆ ಒಂದು ಬೇಕಲ್ಲ. ಎರಡು ಯುಎಸ್‌ಬಿ ಮೈಕ್ ಸೇರಿಸಿ ಇದನ್ನು ಮಾಡಲು ಹೋದರೆ ಮತ್ತೆ ಎರಡು ಗಡಿಯಾರದ ಜಗಳ. ಕೊಳ್ಳುವ ಮುಂಚೆ ಕಂಪನಿಯ ತಾಣದಲ್ಲಿ ಆ ಮಾದರಿಗೆ ಸ್ವಂತ ಎಎಸ್‌ಐಒ ಡ್ರೈವರ್ ಇದೆಯೇ ನೋಡಿ. ಅತಿ ಅಗ್ಗದ ಕೆಲವು 'ಎಎಸ್‌ಐಒ4ಆಲ್ ಹಾಕಿಕೊಳ್ಳಿ' ಅನ್ನುತ್ತವೆ, ಅವು ಬೇಡ. ಯುಎಸ್‌ಬಿ ಮೈಕನ್ನು ಇದಕ್ಕೆ ಸೇರಿಸಲಾಗದು, ಎಕ್ಸ್‌ಎಲ್‌ಆರ್ ಮೈಕ್ ಬೇರೆ ಕೊಳ್ಳಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಷ್ಟೆಲ್ಲ ಮಾಡಿಯೂ ನಿಮ್ಮ 80 ಸಾವಿರದಲ್ಲಿ ಒಂದಷ್ಟು ಉಳಿಯಬೇಕು. ಈ ದಾರಿಯ ಅಪಾಯ ಒಂದೇ: ಹಳೆಯ ಮದರ್‌ಬೋರ್ಡ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಆದರೆ ಆಗಲೂ ಇಂಟರ್‌ಫೇಸ್, ಮೈಕ್ ನಿಮ್ಮ ಜೊತೆ ಹೊಸ ಯಂತ್ರಕ್ಕೆ ಬರುತ್ತವೆ.

ಹೊಸದೇ ಬೇಕೆಂದರೆ, ವಿಂಡೋಸ್‌ನಲ್ಲಿ ಇತ್ತೀಚಿನ ಪೀಳಿಗೆಯ ಇಂಟೆಲ್ ಕೋರ್ 5 (ಮುಂಚಿನ ಹೆಸರು ಐ5) ಅಥವಾ ರೈಜನ್ 5, 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ್ದು. ರ‍್ಯಾಮ್‌ಗೆ ಒಂದು ಖಾಲಿ ಕಿಂಡಿ ಇದ್ದರೆ ಬೋನಸ್. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ: ಯು ಎಂದರೆ ಕಮ್ಮಿ ವಿದ್ಯುತ್ತು, ಶಾಂತ ಫ್ಯಾನ್. ಎಚ್ ಎಂದರೆ ಹೆಚ್ಚು ಶಕ್ತಿ, ಹೆಚ್ಚು ಬಿಸಿ. ವಾದ್ಯವೃಂದದ ದೊಡ್ಡ ಸ್ಯಾಂಪಲ್ ಲೈಬ್ರರಿ ಬಳಸುವವರಿಗೆ ಎಚ್ ಬೇಕಾಗಬಹುದು, ನಿಮಗೆ ಯು ಸಾಕು. ಸ್ನಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ತೆಳ್ಳಗೆ, ತಣ್ಣಗೆ ಇರುತ್ತವೆ ನಿಜ. ಆದರೆ ಮಾಮೂಲಿ ವಿಂಡೋಸ್‌ಗೆ ಬರೆದ ಡ್ರೈವರ್ ಅದರಲ್ಲಿ ಓಡುವುದಿಲ್ಲ, ನೀವು ಕೊಳ್ಳುವ ಇಂಟರ್‌ಫೇಸಿಗೆ ಆರ್ಮ್ (ಸ್ನಾಪ್‌ಡ್ರ್ಯಾಗನ್ ಬಗೆಯ ಪ್ರೊಸೆಸರ್) ಡ್ರೈವರ್ ಇದೆ ಎಂದು ಖಾತ್ರಿಯಾಗದೆ ಕೈಹಾಕಬೇಡಿ. ಒಂದೇ ಬ್ರ್ಯಾಂಡಿನ ಎರಡು ಮಾದರಿಗಳ ನಡುವೆಯೂ ಡ್ರೈವರ್ ನಡವಳಿಕೆ ಬೇರೆಯಿರುತ್ತದೆ. ಹಾಗಾಗಿ ತಂದ ದಿನವೇ, ವಾಪಸಿನ ಅವಧಿ ಮುಗಿಯುವ ಮೊದಲು, ಲೇಟೆನ್ಸಿಮಾನ್ ಓಡಿಸಿ. ಅಂಗಡಿಯಲ್ಲಿ ಡೆಮೊ ಯಂತ್ರವಿದ್ದರೆ ಅಲ್ಲೇ ಹತ್ತು ನಿಮಿಷ ಓಡಿಸಲು ಕೇಳಿ, ಸಂಕೋಚ ಬೇಡ.

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ತಿರುಳಿದೆ. ಮ್ಯಾಕ್‌ನಲ್ಲಿ 'ಕೋರ್ ಆಡಿಯೊ' ಎಂಬ ಶಬ್ದದ ಏರ್ಪಾಡು ವ್ಯವಸ್ಥೆಯೊಳಗೇ ಇದೆ, ಬಹಳಷ್ಟು ಇಂಟರ್‌ಫೇಸ್‌ಗಳಿಗೆ ಬೇರೆ ಡ್ರೈವರೇ ಬೇಡ. ಮೇಲೆ ಹೇಳಿದ ಹುಡುಕಾಟ ಬಹುಪಾಲು ತಪ್ಪುತ್ತದೆ. 2020ರ ಎಂ1ನಿಂದ ಈಚಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನೇ ಇಲ್ಲ. ಮೈಕ್ ಪಕ್ಕದಲ್ಲೇ ಇಟ್ಟು ಹಾಡಬಹುದು. ಗ್ಯಾರೇಜ್‌ಬ್ಯಾಂಡ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ತೊಡಕೆಂದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಆಮೇಲೆ ಏರಿಸಲಾಗದು. 2024ರ ಕೊನೆಯವರೆಗೆ ಏರ್‌ನ ಆರಂಭಿಕ ಮಾದರಿ 8 ಜಿಬಿಯದೇ ಆಗಿತ್ತು, ಸೆಕೆಂಡ್‌ಹ್ಯಾಂಡ್ ನೋಡುವಾಗ 16 ಇದೆಯೇ ಕೇಳಿ. ಬ್ಯಾಟರಿಯ ಸೈಕಲ್ ಲೆಕ್ಕ ನೋಡಿ, ಹಳೆಯ ಮಾಲೀಕರ ಖಾತೆಯಿಂದ ಬಿಡಿಸಿದ್ದಾರೆಯೇ ಎಂದು ಎದುರಿಗೇ ಖಾತ್ರಿ ಮಾಡಿಕೊಳ್ಳಿ. ನೀವು ಬಳಸುತ್ತಿರುವ ಸಾಫ್ಟ್‌ವೇರ್ ತಬಲಾ ವಿಂಡೋಸ್‌ಗೆ ಮಾತ್ರ ಇರುವುದಾದರೆ ಮ್ಯಾಕ್ ಮಾತು ಅಲ್ಲಿಗೇ ಮುಗಿಯಿತು, ಅದನ್ನು ಮೊದಲು ನೋಡಿ.

ಕ್ರ್ಯಾಕ್ ಮಾಡಿದ ಪ್ಲಗಿನ್‌ಗಳ ಬಗ್ಗೆ ಒಂದೇ ಮಾತು: 'ಹೊಸ ಲ್ಯಾಪ್‌ಟಾಪೂ ನಿಧಾನ' ಎಂಬ ದೂರಿನ ಹಿಂದೆ ಅವುಗಳ ಜೊತೆ ಬಂದ ಕಳ್ಳ ತಂತ್ರಾಂಶ ಇರುವುದು ಬಹಳ ಸಲ. ರೀಪರ್ 60 ದಿನ ಪೂರ್ತಿಯಾಗಿ ಬಳಸಲು ಕೊಡುತ್ತದೆ, ಸಣ್ಣ ಬಳಕೆದಾರರಿಗೆ ಲೈಸೆನ್ಸ್ 60 ಡಾಲರ್. ಅದರ ಜೊತೆ ಬರುವ ಪ್ಲಗಿನ್‌ಗಳಲ್ಲೇ ನಿಮ್ಮ ಹಾಡು ಮುಗಿಸಬಹುದು.

ಯಂತ್ರ ಯಾವುದೇ ಇರಲಿ, ಮಾಡಬೇಕಾದ್ದು

ಮೊದಲು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಬಯೋಸ್, ಚಿಪ್‌ಸೆಟ್, ವೈಫೈ ಡ್ರೈವರ್ ಹೊಸದು ಹಾಕಿ. ಇಂಟರ್‌ಫೇಸನ್ನು ಚುಚ್ಚುವ ಮೊದಲೇ ಅದರ ಡ್ರೈವರ್ ಹಾಕಿ. ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್', ಅದರ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಅನ್ನು ಡಿಸೇಬಲ್ ಮಾಡಿ. ಇದು ಹಾಗೇ ಇದ್ದರೆ ವಿದ್ಯುತ್ ಉಳಿಸಲು ವಿಂಡೋಸ್ ಇಂಟರ್‌ಫೇಸನ್ನೇ ಮಲಗಿಸಿಬಿಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ 'ಯುಎಸ್‌ಬಿ ರೂಟ್ ಹಬ್'ನ ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿರುವ ಟಿಕ್ ತೆಗೆಯಿರಿ. ಇಂಟರ್‌ಫೇಸನ್ನು ಲ್ಯಾಪ್‌ಟಾಪ್‌ನ ಕಿಂಡಿಗೇ ನೇರ ಚುಚ್ಚಿ, ಅಡಾಪ್ಟರ್ ಇಲ್ಲದ ಹಬ್ಬಿಗೆ ಬೇಡ. ಎರಡು ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡುವ ಹೊತ್ತಿಗೆ ಹಬ್ ಉಸಿರು ಬಿಡುತ್ತದೆ.

ಪ್ರಾಜೆಕ್ಟ್‌ಗಳನ್ನು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಲ್ಲಿ ಇಡಬೇಡಿ. ಒನ್‌ಡ್ರೈವ್ ಅವನ್ನು ರೆಕಾರ್ಡಿಂಗ್ ನಡುವೆಯೇ ಮೇಲೆ ಕಳಿಸಲು ಶುರು ಮಾಡುತ್ತದೆ. ಬೇರೆ ಫೋಲ್ಡರ್ ಮಾಡಿ, ಆಂಟಿವೈರಸ್ ತಪಾಸಣೆಯಿಂದ ಅದನ್ನು ಹೊರಗಿಡಿ. ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲೂ ಇಂಟರ್‌ಫೇಸ್ 48,000ಕ್ಕೇ ಇರಲಿ. ಹಾಡಲು ಕೂರುವಾಗ ಏರೋಪ್ಲೇನ್ ಮೋಡ್. 'ಪಿಸಿ ಆಪ್ಟಿಮೈಸರ್' ಎಂಬ ಹೆಸರಿನ ಯಾವುದನ್ನೂ ಹಾಕಬೇಡಿ.

ರೆಕಾರ್ಡ್ ಮಾಡುವಾಗ ಬಫರ್ 128, ಮಿಕ್ಸ್ ಮಾಡುವಾಗ 512 ಅಥವಾ 1024. ಈ ಅದಲುಬದಲು ಮಾಡದೆ ಒಂದೇ ಸಂಖ್ಯೆಯಲ್ಲಿ ಎರಡೂ ಆಗಲಿ ಅನ್ನುವುದರಿಂದಲೇ ಅರ್ಧ ಗೋಳು. ತಬಲಾ ಟ್ರ್ಯಾಕ್ ಸಿದ್ಧವಾದ ಮೇಲೆ ಅದನ್ನು ಫ್ರೀಜ್ ಮಾಡಿ: ಟ್ರ್ಯಾಕಿನ ಮೇಲೆ ಬಲಗುಂಡಿ ಒತ್ತಿದರೆ 'ರೆಂಡರ್/ಫ್ರೀಜ್' ಸಿಗುತ್ತದೆ. ಆಗ ಅದು ಬರೀ ಆಡಿಯೊ ಫೈಲ್, ಪ್ರೊಸೆಸರಿಗೆ ಹೊರೆಯೇ ಅಲ್ಲ. ಬೇಕಾದಾಗ ಬಿಡಿಸಬಹುದು.

ತಾಳದ ಹಿಂದೆ ಕೂರುವ ತೊಂದರೆ ಸರಿಪಡಿಸಲು ಇಂಟರ್‌ಫೇಸ್ ಬಂದ ಮೇಲೆ ಹೀಗೆ ಮಾಡಿ. ಒಂದು ಟ್ರ್ಯಾಕಿನಲ್ಲಿ ಚೂಪಾದ ಕ್ಲಿಕ್ ಇಟ್ಟುಕೊಳ್ಳಿ. ಇಂಟರ್‌ಫೇಸಿನ ಲೈನ್ ಔಟ್ 1ರಿಂದ ಇನ್‌ಪುಟ್ 1ಕ್ಕೆ ಟಿಆರ್‌ಎಸ್ (6.35 ಎಂಎಂ ಪ್ಲಗ್ಗಿನ) ಕೇಬಲ್ ಹಾಕಿ, 48 ವೋಲ್ಟ್ ಆರಿಸಿ, ಡೈರೆಕ್ಟ್ ಮಾನಿಟರ್ ಮತ್ತು ಆ ಟ್ರ್ಯಾಕಿನ ಮಾನಿಟರ್ ಎರಡೂ ಆರಿಸಿ. ಇಲ್ಲದಿದ್ದರೆ ಸದ್ದು ಸುತ್ತಿ ಸುತ್ತಿ ಕೂಗುತ್ತದೆ. ಕ್ಲಿಕ್ ನುಡಿಸುತ್ತಾ ಎರಡನೆಯ ಟ್ರ್ಯಾಕಿಗೆ ರೆಕಾರ್ಡ್ ಮಾಡಿ, ಆಮೇಲೆ ಪೂರ್ತಿ ಹಿಗ್ಗಿಸಿ ಎರಡೂ ಕ್ಲಿಕ್ಕಿನ ಅಂತರ ಸ್ಯಾಂಪಲ್‌ಗಳಲ್ಲಿ ಅಳೆಯಿರಿ. ರೀಪರ್ ಪ್ರಿಫರೆನ್ಸಸ್‌ನ 'ಆಡಿಯೊ', 'ರೆಕಾರ್ಡಿಂಗ್' ಹಾಳೆಯಲ್ಲಿ 'ಯೂಸ್ ಆಡಿಯೊ ಡ್ರೈವರ್ ರಿಪೋರ್ಟೆಡ್ ಲೇಟೆನ್ಸಿ'ಗೆ ಟಿಕ್ ಇರಲಿ, ಉಳಿದ ಅಂತರವನ್ನು 'ಮ್ಯಾನುಯಲ್ ಆಫ್‌ಸೆಟ್'ನಲ್ಲಿ ತುಂಬಿ ಮತ್ತೊಮ್ಮೆ ರೆಕಾರ್ಡ್ ಮಾಡಿ. ಎರಡು ಕ್ಲಿಕ್ ಒಂದರ ಕೆಳಗೊಂದು ಕೂತರೆ ಆಯಿತು. ಒಂದು ಸಲ ಮಾಡಿದರೆ ಸಾಕು, ಇಂಟರ್‌ಫೇಸ್ ಬದಲಾಗುವವರೆಗೆ.

ಫ್ಯಾನ್, ಕರೆಂಟ್

ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್, ಅಂದರೆ ಬೆನ್ನಿನ ಕಡೆ ಕಿವುಡು. ಲ್ಯಾಪ್‌ಟಾಪ್ ಆ ಬೆನ್ನಿನ ಕಡೆ ಬರುವಂತೆ, ಎರಡು ಮೀಟರ್ ದೂರ ಇಡಿ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ತುಸು ಕಮ್ಮಿ ಅಂತರ ಇರಲಿ. ಫ್ಯಾನಿನ ದೂರ ಎರಡರಷ್ಟಾದರೆ ಅದರ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಸಣ್ಣ ಕೋಣೆಯಲ್ಲಿ ಗೋಡೆಯ ಪ್ರತಿಧ್ವನಿಯಿಂದ ಈ ಇಳಿಕೆ ಸ್ವಲ್ಪ ಕಮ್ಮಿ. ಲ್ಯಾಪ್‌ಟಾಪ್‌ಗೆ ಕಂಬಳಿ ಹೊದಿಸುವುದು ಬೇಡ, ಬಿಸಿಯಾಗಿ ಇನ್ನೂ ಜೋರಾಗಿ ತಿರುಗುತ್ತದೆ. ನಿಮ್ಮ ಐ5ಗೆ ಒಂದು ಉಪಾಯ: ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 99ಕ್ಕೆ ಇಳಿಸಿದರೆ ಟರ್ಬೊ (ಪ್ರೊಸೆಸರಿನ ಹೆಚ್ಚುವರಿ ವೇಗ) ಆರುತ್ತದೆ, ಬಿಸಿಯೂ ಫ್ಯಾನೂ ಇಳಿಯುತ್ತವೆ. ವೇಗವೂ ಇಳಿಯುವುದರಿಂದ ಫ್ರೀಜ್ ಮಾಡಿದ ಟ್ರ್ಯಾಕುಗಳ ಮೇಲೆ ದನಿ ರೆಕಾರ್ಡ್ ಮಾಡುವಾಗ ಮಾತ್ರ ಇದು, ಮಿಕ್ಸಿಂಗ್‌ಗೆ ಮತ್ತೆ 100. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ, ಆಗ ಕಂಪನಿಯ ಆ್ಯಪಿನಲ್ಲಿರುವ 'ಸೈಲೆಂಟ್' ಮೋಡ್ ಬಳಸಿ.

ಇಂಟರ್‌ಫೇಸ್ ಹಾಕಿದ ಮೇಲೆ ಸಣ್ಣಗೆ 'ಝೀ' ಎಂದು ಕೇಳಿದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ವಿದ್ಯುತ್ತಿನದು. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಸ್ಪೀಕರ್‌ಗೆ ಬ್ಯಾಲನ್ಸ್ಡ್ (ಹೊರಗಿನ ಝೇಂಕಾರ ತಡೆಯುವ) ಕೇಬಲ್ ಬಳಸಿ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ, ಪ್ರಾಣಕ್ಕೆ ಅಪಾಯ. ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುವಾಗ, ಅದು ಸ್ಕ್ವೇರ್ ವೇವ್ ಆಗಿದ್ದರೆ, ಝೇಂಕಾರ ಇನ್ನೂ ಜೋರು. ಆಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಯುಎಸ್‌ಬಿಯಿಂದ ನಡೆಯುವ ಇಂಟರ್‌ಫೇಸಿಗೆ ಬೇರೆ ವಿದ್ಯುತ್ ಬೇಕಿಲ್ಲ. ಆದರೆ ಪವರ್ ಸೆಟ್ಟಿಂಗ್‌ಗಳಲ್ಲಿ 'ಆನ್ ಬ್ಯಾಟರಿ' ಸಾಲಿಗೂ ಮೇಲಿನ ಬದಲಾವಣೆಗಳನ್ನೇ ಮಾಡಿರಬೇಕು. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣದಲ್ಲಿ ಪ್ರೊಸೆಸರ್ ನಿಧಾನಿಸಿ, ಸರಿಯಾಗಿ ಆ ಸಾಲಿನ ನಡುವೆಯೇ ಚಟ್ ಎನ್ನುತ್ತದೆ.